ಪಿನ್ ಹೇಳಿ ಸಾರ್!

ಹೆಬ್ಬಾಳದ ಮಾಲ್‌ನಲ್ಲಿ ಶರ್ಟು ಕೊಳ್ಳಿ, ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಮಿಕ್ಸಿ ಕೊಳ್ಳಿ, ಯಲಹಂಕದ ಮೆಡಿಕಲ್ ಸ್ಟೋರಿನಲ್ಲಿ ಬಿ.ಪಿ. ಮಾತ್ರೆ ಕೊಳ್ಳಿ. ಕಾರ್ಡು ಕೊಟ್ಟ ಮರುಕ್ಷಣ ಗಲ್ಲಾದ ಹಿಂದಿನಿಂದ ಬರೋ ಮಾತು ಒಂದೇ: 'ಪಿನ್ ಹೇಳಿ ಸಾರ್.' ಹುಡುಗನ ಬೆರಳು ಆಗಲೇ ಗುಂಡಿಗಳ ಮೇಲಿರುತ್ತೆ. ಜನ ಹೇಳಿಯೂ ಹೇಳ್ತಾರೆ, ಹಿಂದೆ ನಿಂತ ಆರು ಮಂದಿಗೂ ಕೇಳೋ ಹಾಗೆ, ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸಿದ ಹಾಗೆ. ಬಳ್ಳಾರಿ ರಸ್ತೆಯ ಪೆಟ್ರೋಲ್ ಬಂಕುಗಳಲ್ಲಂತೂ ಕಾರಿನ ಕಿಟಕಿ ಇಳಿಸಿ ಕೂಗಿ ಹೇಳಬೇಕು, ಇಲ್ಲದಿದ್ರೆ ಏರ್‌ಪೋರ್ಟಿಗೆ ಓಡೋ ಗಾಡಿಗಳ ಸದ್ದಿನಲ್ಲಿ ಕೇಳಿಸೋಲ್ಲ. ಯಶವಂತಪುರದ ಕಡೆ ಒಂದು ಹೋಟೆಲಿನಲ್ಲಿ ಮಾಣಿ ಬಿಲ್ಲಿನ ಬೆನ್ನ ಮೇಲೇ ಪಿನ್ ಬರೆದುಕೊಂಡು, ಅದನ್ನ ಸೋಂಪಿನ ತಟ್ಟೆಯಲ್ಲಿಟ್ಟು ಕೌಂಟರಿಗೆ ಒಯ್ದದ್ದನ್ನು ಕಣ್ಣಾರೆ ಕಂಡಿದ್ದೀನಿ.

ಅದೇ ಹೊತ್ತಿಗೆ ಜೇಬಿನಲ್ಲಿ ಮೊಬೈಲು ಕುಂಯ್ ಅನ್ನುತ್ತೆ. ಬ್ಯಾಂಕಿನ ಮೆಸೇಜು. ನಿಮ್ಮ ಪಿನ್ ಯಾರಿಗೂ ಹೇಳಬೇಡಿ!

ಇದು ತಮಾಷೆ ಅಂತ ನಗಬಹುದು. ನನಗೆ ಮೈ ಉರಿಯುತ್ತೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಕೇಳಿ.

2013ರ ಡಿಸೆಂಬರ್ 1ರಿಂದ ಅಂಗಡಿಯಲ್ಲಿ ಡೆಬಿಟ್ ಕಾರ್ಡು ಉಜ್ಜಿದಾಗೆಲ್ಲ ಪಿನ್ ಒತ್ತಬೇಕು ಅಂತ ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಿತು. ಅದಕ್ಕೆ ಮುಂಚೆ ಹೆಚ್ಚಿನ ಕಡೆ ರುಜು ಸಾಕಿತ್ತು. ಉಜ್ಜೋದು, ಚೀಟಿ ಬರೋದು, ಪೆನ್ನು ಹುಡುಕೋದು, ಗೀಚೋದು. ಕಾರ್ಡಿನ ಬೆನ್ನ ಮೇಲಿನ ಬಿಳಿ ಪಟ್ಟಿ ತಿರುಗಿಸಿ ನೋಡಿದ ಒಬ್ಬನೇ ಒಬ್ಬ ಕ್ಯಾಷಿಯರನ್ನೂ ನಾನು ಕಂಡಿಲ್ಲ. ಪಟ್ಟಿಯ ಮೇಲೆ ಕನ್ನಡದ ರುಜು, ಚೀಟಿಯ ಮೇಲೆ ಕೋಳಿ ಕೆರೆದ ಹಾಗೆ ಏನೋ ಒಂದು. 'ಥ್ಯಾಂಕ್ಯೂ ಸಾರ್' ಅಂತ ಕಳಿಸ್ತಿದ್ರು. ಹಾಗಾಗಿ ರುಜು ಹೋಯ್ತಲ್ಲ ಅಂತ ನಾನೇನೂ ಅಳ್ತಾ ಕೂತಿಲ್ಲ. ಅಮೆರಿಕದಲ್ಲೇ 2018ರ ಏಪ್ರಿಲ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್ ನಾಲ್ಕೂ 'ರುಜು ಕಡ್ಡಾಯವಲ್ಲ' ಅಂತ ಕೈತೊಳೆದುಕೊಂಡವು. ನನ್ನ ತಕರಾರು ರುಜುವಿನದಲ್ಲ, ರುಜುವಾತಿನದು. ಕಾರ್ಡು ಕೊಟ್ಟವನು ಅವನೇ ಹೌದೋ ಅಲ್ಲವೋ ಅಂತ ನೋಡಬೇಕಾದ ಹೊರೆ ಯಾರ ತಲೆಯ ಮೇಲಿತ್ತು, ಈಗ ಯಾರ ತಲೆಯ ಮೇಲೆ ಬಂದು ಕೂತಿದೆ?

ರುಜುವಿನ ಕಾಲದಲ್ಲಿ ಅದು ದುಡ್ಡು ಕೊಡೋ ಬ್ಯಾಂಕಿನ ತಲೆಯ ಮೇಲಿತ್ತು. ಇದಕ್ಕೆ ನಮ್ಮ ಮಂಗಳೂರಿನದೇ ಒಂದು ಕೇಸಿದೆ. ಕೆನರಾ ಸೇಲ್ಸ್ ಕಾರ್ಪೊರೇಷನ್ ಅನ್ನೋ ಕಂಪನಿ. ಅಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವನೇ ಆಡಳಿತ ನಿರ್ದೇಶಕರ ರುಜುವನ್ನು ನಕಲು ಮಾಡಿ, 42 ಚೆಕ್ಕುಗಳಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಎತ್ತಿಬಿಟ್ಟಿದ್ದ. ಕಂಪನಿಯವರು ದುಡ್ಡು ವಾಪಸ್ ಕೇಳಿದರೆ ಕೆನರಾ ಬ್ಯಾಂಕಿನ ವಾದ ಏನು? ನಿಮ್ಮ ಪಾಸ್‌ಬುಕ್ಕು ನೀವು ನೋಡಬೇಕಿತ್ತು, ಇಷ್ಟು ಕಾಲ ಸುಮ್ಮನಿದ್ದು ಈಗ ಕೇಳಿದ್ರೆ ಹೇಗೆ ಅಂತ. 1987ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಖೋಟಾ ರುಜು ಇರೋ ಚೆಕ್ಕು ಗ್ರಾಹಕನ ಆದೇಶವೇ ಅಲ್ಲ, ಅದನ್ನು ನಂಬಿ ಹಣ ಕೊಟ್ಟರೆ ನಷ್ಟ ಬ್ಯಾಂಕಿನದೇ ಅಂತ ಹೇಳಿತು. ಪಾಸ್‌ಬುಕ್ಕು ನೋಡದೆ ಇದ್ದದ್ದು ಬ್ಯಾಂಕನ್ನು ಪಾರುಮಾಡಲಿಲ್ಲ.

ಈಗ ಪಿನ್ನಿನ ಕಾಲಕ್ಕೆ ಬನ್ನಿ. 2013ರ ನವೆಂಬರ್. ಮಾರತಹಳ್ಳಿಯ ಒಬ್ಬ ಹೆಂಗಸು ಹೆರಿಗೆ ರಜೆಯಲ್ಲಿದ್ದರು. ಗಂಡನ ಕೈಗೆ ಕಾರ್ಡು ಕೊಟ್ಟು, ಪಿನ್ ಹೇಳಿ, ಸ್ಟೇಟ್ ಬ್ಯಾಂಕಿನ ಎಟಿಎಂನಿಂದ 25,000 ರೂಪಾಯಿ ತರೋಕೆ ಕಳಿಸಿದರು. ಯಂತ್ರದಿಂದ ಚೀಟಿ ಬಂತು, ದುಡ್ಡು ಬರಲಿಲ್ಲ. ಖಾತೆಯಿಂದ ಮಾತ್ರ ಹೋಯಿತು. ದಂಪತಿ ಸಿಸಿಟಿವಿ ದೃಶ್ಯ ತೆಗೆಸಿದರು, ಮಾಹಿತಿ ಹಕ್ಕಿನಲ್ಲಿ ಯಂತ್ರದ ಲೆಕ್ಕದ ಕಾಗದ ತಂದರು, ಗ್ರಾಹಕರ ವೇದಿಕೆಗೆ ಅಲೆದರು. ಬ್ಯಾಂಕಿನವರು ಹಿಡಿದುಕೊಂಡದ್ದು ಒಂದೇ ಎಳೆ: ದೃಶ್ಯದಲ್ಲಿ ಇರೋದು ಗಂಡ, ಕಾರ್ಡು ಹೆಂಡತಿಯದು, ಪಿನ್ ಹಂಚಿಕೊಂಡಿದ್ದೀರಿ. 2018ರ ಮೇ ತಿಂಗಳಲ್ಲಿ ವೇದಿಕೆ ದೂರನ್ನು ವಜಾ ಮಾಡಿತು. ಗಂಡನನ್ನು ಕಳಿಸೋದಿದ್ರೆ ಸೆಲ್ಫ್ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಬರೆದುಕೊಡಬೇಕಿತ್ತಂತೆ. ಅಂದರೆ ಏನು ಸ್ವಾಮಿ? ಕೊನೆಗೆ ಬೇಕಾದ್ದು ಮತ್ತೆ ರುಜುವೇ!

ಮನೆಯೊಳಗೆ ಹಸುಗೂಸಿನ ತಾಯಿ ತನ್ನ ಗಂಡನಿಗೆ ಪಿನ್ ಹೇಳಿದ್ದು ಇಷ್ಟು ದೊಡ್ಡ ಅಪರಾಧವಾದರೆ, ಇದೇ ಊರಿನ ಅಂಗಡಿ ಅಂಗಡಿಗಳಲ್ಲಿ ದಿನವಿಡೀ ನಡೀತಿರೋದಕ್ಕೆ ಏನು ಹೆಸರು?

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದೆ. ಓದಿದರೆ ಮೊದಲು ಖುಷಿಯಾಗುತ್ತೆ. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವನು ಕನ್ನ ಹಾಕಿದ ಅಂತಾದರೆ, ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವನಿಗೆ ಪೂರ್ತಿ ದುಡ್ಡು ವಾಪಸ್. ಗ್ರಾಹಕನೇ ಹೊಣೆ ಅಂತ ಸಾಬೀತು ಮಾಡೋ ಭಾರವೂ ಬ್ಯಾಂಕಿನ ಮೇಲೇ. ಆಹಾ! ಆದರೆ ಅದರಲ್ಲೇ ಇನ್ನೊಂದು ಸಾಲಿದೆ. ಪಿನ್ ಮುಂತಾದ್ದನ್ನು ಹಂಚಿಕೊಂಡು ಗ್ರಾಹಕನೇ ಅಜಾಗ್ರತೆ ತೋರಿದ್ದರೆ, ಅವನು ದೂರು ಕೊಡೋವರೆಗಿನ ನಷ್ಟವೆಲ್ಲ ಅವನದೇ.

ನಮ್ಮ ಯಲಹಂಕ ನ್ಯೂಟೌನಿನಲ್ಲಿ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಬಿದ್ದದ್ದು ಈ ಸಾಲಿನ ಬಾಯಿಗೇ. ಪಿಂಚಣಿ ಖಾತೆ, ಚಿಪ್ ಇಲ್ಲದ ಹಳೇ ಕಾರ್ಡು. ಕಾರ್ಡು ಅವರ ಜೇಬಿನಲ್ಲೇ ಇತ್ತು, ಅದರ ನಕಲು ಇನ್ನೆಲ್ಲೋ ಇತ್ತು. ಒಂದೇ ರಾತ್ರಿ ಮೂವತ್ತು ಸಾವಿರ ಹೋಯಿತು. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಬ್ಯಾಂಕಿನ ಮುಂದೆ ಮೇಷ್ಟ್ರು ಹಾಜರ್. 'ಪಿನ್ ಯಾರಿಗಾದ್ರೂ ಹೇಳಿದ್ರಾ ಸಾರ್?' ಅಂತ ಕೇಳಿದರು. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದ ಮನುಷ್ಯ. 'ಹೌದಪ್ಪ, ಅಂಗಡಿಗಳಲ್ಲಿ ಕೇಳ್ತಾರಲ್ಲ, ಹೇಳಿದ್ದೀನಿ' ಅಂದರು. ಅಲ್ಲಿಗೆ ಫೈಲು ಮುಚ್ಚಿತು. ಇಲ್ಲ ಅಂದುಬಿಟ್ಟಿದ್ದರೆ ಸಾಬೀತು ಮಾಡೋ ಕಷ್ಟ ಬ್ಯಾಂಕಿನದಾಗಿರೋದು. ಹೀಗೆ ನಿಜ ಹೇಳಿದವನೇ ಕಳಕೊಳ್ಳೋ ವ್ಯವಸ್ಥೆಗೆ ಸುರಕ್ಷತೆ ಅಂತ ಹೆಸರಿಟ್ಟಿದ್ದಾರೆ.

'ಹೇಳಿದ್ದು ಅವರ ತಪ್ಪಲ್ವಾ, ಮಿಷನ್ ಇಸ್ಕೊಂಡು ತಾವೇ ಒತ್ತಬಹುದಿತ್ತಲ್ಲ' ಅಂತೀರಾ? ಒಮ್ಮೆ ಪ್ರಯತ್ನ ಮಾಡಿ ನೋಡಿ. ನಾನು ಪ್ರತಿ ಸಲ ಕೈ ಚಾಚ್ತೀನಿ. ಕಳ್ಳ ಅಂದೆನೇನೋ ಅನ್ನೋ ಹಾಗೆ ಹುಡುಗ ಮುಖ ಮಾಡ್ತಾನೆ. ಮಿಷನ್ನಿನ ವೈರು ಕಂಪ್ಯೂಟರಿನ ಹಿಂದೆಲ್ಲೋ ಸಿಕ್ಕಿಕೊಂಡು ಗೇಣುದ್ದವೂ ಬರೋಲ್ಲ. ನಾನು ಗಲ್ಲಾದ ಮೇಲೆ ಅರ್ಧ ಮಲಗಿ ಒತ್ತಬೇಕು. ಹಿಂದಿನವರು 'ಬೇಗ ಬೇಗ' ಅಂತಿರ್ತಾರೆ. ನನಗಾದರೆ ಜಗಳವಾಡೋ ಚಟ ಇದೆ. ಎಪ್ಪತ್ತು ದಾಟಿದ ಮೇಷ್ಟ್ರು ಕನ್ನಡಕ ಹುಡುಕಿ, ಪರದೆಯ ಮೇಲಿನ ಇಂಗ್ಲಿಷ್ ಓದಿ, ನಡುಗೋ ಬೆರಳಲ್ಲಿ ಒತ್ತಿ, ಮೂರು ಸಲ ತಪ್ಪಿದರೆ ಕಾರ್ಡು ಬ್ಲಾಕ್ ಆಗುತ್ತೆ ಅಂತ ಹೆದರಿ ನಿಂತಿರೋವಾಗ 'ಹೇಳಿ ಸಾರ್, ನಾನೇ ಒತ್ತೀನಿ' ಅಂದರೆ ಅದು ಅವರ ಕಿವಿಗೆ ಉಪಕಾರದ ಹಾಗೇ ಕೇಳುತ್ತೆ. ಆ ಹುಡುಗನೂ ಬಹುಪಾಲು ಉಪಕಾರ ಅಂತಲೇ ಕೇಳೋದು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೀಗೆ ಕೇಳಬಾರದು ಅಂತ ಯಾರೂ ಹೇಳಿಕೊಟ್ಟಿಲ್ಲ.

ಹೇಳಿಕೊಡಬೇಕಾದವರು ಯಾರು? ಆ ಮಿಷನ್ ಅಂಗಡಿಗೆ ಆಕಾಶದಿಂದ ಇಳಿದುಬಂದದ್ದಲ್ಲ. ಯಾವುದೋ ಬ್ಯಾಂಕು ಒಪ್ಪಂದ ಬರೆಸಿಕೊಂಡು ಕೊಟ್ಟದ್ದು, ವ್ಯವಹಾರದ ಮೇಲೆ ಕಮಿಷನ್ ಹಿಡಿಯೋದೂ ಅದೇ ಬ್ಯಾಂಕು. ನನಗೆ ವಾರಕ್ಕೆರಡು ಮೆಸೇಜು ಕಳಿಸೋ ಬ್ಯಾಂಕುಗಳು, ತಾವೇ ಮಿಷನ್ ಕೊಟ್ಟ ಅಂಗಡಿಗೆ ಒಂದು ಸಾಲು ಬರೆಯಬಾರದಾ? ಪಿನ್ ಕೇಳಿದ ಅಂಗಡಿಯ ಮಿಷನ್ ಕಿತ್ತುಕೊಳ್ತೀವಿ ಅಂತ? ಮಾರು ಉದ್ದದ ವೈರು, ಗುಂಡಿಗಳಿಗೊಂದು ಮರೆ, ಪರದೆಯ ಮೇಲೆ ಕನ್ನಡ, ಗಲ್ಲಾದ ಮುಂದೆ 'ಪಿನ್ ನೀವೇ ಒತ್ತಿ' ಅಂತ ಒಂದು ಚೀಟಿ. ಇದಕ್ಕೆ ಎಷ್ಟು ಖರ್ಚಾಗುತ್ತೆ? ಅಲ್ಲಿಯವರೆಗೆ ಅಂಗಡಿಯಲ್ಲಿ ಕೇಳಿಸಿಕೊಂಡ ಪಿನ್ನನ್ನು ಗ್ರಾಹಕನ ಅಜಾಗ್ರತೆ ಅಂತ ಬರೆದುಕೊಳ್ಳೋ ಹಕ್ಕು ಯಾವ ಬ್ಯಾಂಕಿಗೂ ಇರಬಾರದು. ಸುತ್ತೋಲೆಯ ಆ ಸಾಲಿಗೆ ಇಷ್ಟು ತಿದ್ದುಪಡಿ ತರೋಕೆ ರಿಸರ್ವ್ ಬ್ಯಾಂಕಿಗೆ ಅರ್ಧ ದಿನದ ಕೆಲಸ.

ಮೇಷ್ಟ್ರು ಆ ಕಾರ್ಡನ್ನು ಕತ್ತರಿಸಿ ಬಿಸಾಕಿದರು. ಈಗ ತಿಂಗಳಿಗೊಮ್ಮೆ ಬ್ಯಾಂಕಿಗೆ ನಡೆದು ಹೋಗಿ, ಚೀಟಿ ಬರೆದು ದುಡ್ಡು ತರ್ತಾರೆ. ಹೋದ ತಿಂಗಳು ಕೈ ನಡುಗಿ ರುಜು ತಾಳೆಯಾಗಲಿಲ್ಲವಂತೆ. ಕೌಂಟರಿನ ಹುಡುಗಿ ಮೂರು ಸಲ ಹಾಕಿಸಿ, ಪ್ರತಿಯೊಂದನ್ನೂ ಕಂಪ್ಯೂಟರಿನಲ್ಲಿದ್ದ ಹಳೇ ರುಜುವಿನ ಪಕ್ಕ ಹಿಡಿದು ನೋಡಿ, ಆಮೇಲೆ ದುಡ್ಡು ಎಣಿಸಿಕೊಟ್ಟಳಂತೆ. ಮುಕ್ಕಾಲು ಗಂಟೆ ಹಿಡಿಯಿತು ಅಂತ ಮೇಷ್ಟ್ರು ಬೈದುಕೊಂಡೇ ಬಂದರು.