ಕೊಬ್ಬರಿ ಮಾರಿದ ಹಣ ಆಕಾಶದ ಪಾಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿ ಉಂಡೆಕೊಬ್ಬರಿಯಾಗಬೇಕಾದರೆ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಕಾಯಬೇಕು. ಆ ಒಂದು ವರ್ಷದ ಫಲ ಈಗ ನಾಲ್ಕೇ ದಿನದಲ್ಲಿ ಆಕಾಶದ ಪಾಲಾಗುತ್ತಿದೆ. ಬೀಗರೂಟದ ಎಲೆ ಎತ್ತುವ ಮೊದಲೇ ನವದಂಪತಿಗಳು ಬಾಲಿಗೋ ಮಾಲ್ಡೀವ್ಸಿಗೋ ಹಾರಬೇಕೆಂಬುದು ಹೊಸ ಶಾಸ್ತ್ರವಾಗಿದೆ. ಕೈಯಲ್ಲಿ ಹಣವಿಲ್ಲದವರು ಮಧುಚಂದ್ರಕ್ಕೂ ಸಾಲ ಮಾಡುತ್ತಾರೆ. ಅಡಿಕೆ ಸೀಮೆಯ ಮನೆಗಳು ಈ ಮಾತನ್ನು ಕೇಳಿ ನಗುವಂತಿಲ್ಲ; ರೋಗ ಅಲ್ಲಿಗೂ ತಲುಪಿದೆ.

ಈ ಹಣ ಬಂದ ಬಗೆಯನ್ನು ನೋಡಬೇಕು. 2023ರಲ್ಲಿ ಉಂಡೆಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕೂ ಕೆಳಗೆ ಕುಸಿದು ರೈತರು ಬೀದಿಗಿಳಿದರು. ಅದೇ ಮಾರುಕಟ್ಟೆಯಲ್ಲಿ 2025ರಲ್ಲಿ ಧಾರಣೆ ಬೆಂಬಲ ಬೆಲೆಯ ಎರಡು ಪಟ್ಟನ್ನೂ ದಾಟಿತು. ಬೆಲೆ ಏರಿದ್ದು ಇಳುವರಿ ಕುಸಿದುದರಿಂದ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಬರ, ಬಿಸಿಲು, ಕಪ್ಪುತಲೆ ಹುಳು, ಬಿಳಿನೊಣಗಳಿಂದ ನಲುಗಿದ ತೋಟಗಳಲ್ಲಿ ಅಳಿದುಳಿದ ಕಾಯಿಗೆ ಬಂದ ಬೆಲೆಯದು. ಬೇಗೆಯಿಂದ ಹುಟ್ಟಿದ ಆ ಹಣವನ್ನು ಬೇಗೆ ಹೆಚ್ಚಿಸುವ ವಾಹನಕ್ಕೇ ಸುರಿಯುವುದು ಎಂಥ ಲೆಕ್ಕಾಚಾರ? ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಒಯ್ಯಲು ವಿಮಾನ ಉಗುಳುವ ಇಂಗಾಲ ರೈಲಿನದಕ್ಕಿಂತ ಹಲವು ಪಟ್ಟು ಹೆಚ್ಚು.

ಹೊರನಾಡು ನೋಡಬೇಕೆಂಬ ಆಸೆ ತಪ್ಪೇನಲ್ಲ. ಆದರೆ ಅದಕ್ಕೆ ವಿಮಾನವೇ ಬೇಕೆಂದು ಕಲಿಸಿದವರು ಯಾರು? ತಿಪಟೂರಿನ ಮುಂದೆಯೇ ರೈಲು ಹಾದುಹೋಗುತ್ತದೆ. ತುರುವೇಕೆರೆ ತಾಲ್ಲೂಕಿಗೆ ಅಮ್ಮಸಂದ್ರದಲ್ಲಿ ನಿಲ್ದಾಣವಿದೆ. ರೈಲೇ ಇಲ್ಲದ ಚಿಕ್ಕನಾಯಕನಹಳ್ಳಿಯವರು ಬಸ್ಸಿನಲ್ಲಿ ತಿಪಟೂರಿಗೆ ಬಂದರಾಯಿತು. ಬೆಂಗಳೂರಿನಲ್ಲಿ ರೈಲು ಬದಲಿಸಿ ಮೈಸೂರು–ದರ್ಭಂಗಾ ಬಾಗಮತಿ ಎಕ್ಸ್‌ಪ್ರೆಸ್ ಹಿಡಿದರೆ ಬಿಹಾರದ ದರ್ಭಂಗಾ. ಅಲ್ಲಿಂದ ಗಡಿಯ ಜಯನಗರ. ಜಯನಗರದಿಂದ ನೇಪಾಳದ ಜನಕಪುರಕ್ಕೆ 1937ರಲ್ಲೇ ಪುಟ್ಟ ರೈಲು ಬಂದಿತ್ತು. 2014ರಲ್ಲಿ ನಿಂತ ಆ ಸೇವೆ ಹಳಿ ಅಗಲವಾದ ಮೇಲೆ 2022ರ ಏಪ್ರಿಲ್ 2ರಂದು ಮತ್ತೆ ಆರಂಭವಾಯಿತು. ಜನಕಪುರವೆಂದರೆ ಸೀತೆ ಧಾರೆ ಎರೆಸಿಕೊಂಡ ಊರೆಂದು ನಂಬಿರುವ ಸ್ಥಳ. ಹೊಸ ಜೋಡಿಗೆ ಇದಕ್ಕಿಂತ ಒಪ್ಪುವ ಊರು ಯಾವುದಿದೆ?

ಅಲ್ಲಿಂದ ದರ್ಭಂಗಾಕ್ಕೆ ಮರಳಿ ಕಟಿಹಾರ, ನ್ಯೂ ಜಲ್ಪಾಯ್‌ಗುರಿ ಮಾರ್ಗವಾಗಿ ಹಾಸಿಮಾರದಲ್ಲಿ ಇಳಿದರೆ ಭೂತಾನದ ಬಾಗಿಲು ಫುಂಟ್‌ಶೋಲಿಂಗ್ ಸಮೀಪ. ಈ ಎರಡೂ ದೇಶಗಳಿಗೆ ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ಭೂತಾನದ ಒಳನಾಡಿಗೆ ಹೋಗುವ ಭಾರತೀಯರಿಂದ ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ಪಡೆಯುತ್ತಾರೆ. ಇಬ್ಬರಿಗೆ ಮೂರು ರಾತ್ರಿಗೆ 7,200. ಬೆಂಬಲ ಬೆಲೆಯಲ್ಲಿ ಮಾರಿದರೂ ಒಂದು ಕ್ವಿಂಟಲ್ ಕೊಬ್ಬರಿಯ ಹಣದಲ್ಲಿ ಉಳಿಕೆ ಬರುತ್ತದೆ. ನೆಲದ ನೂರಕ್ಕೆ 60 ಭಾಗ ಸದಾ ಕಾಡಾಗಿರಬೇಕೆಂದು ಸಂವಿಧಾನದಲ್ಲೇ ಬರೆದುಕೊಂಡ ದೇಶಕ್ಕೆ ಆ ಶುಲ್ಕ ತೆರಲು ಮಲೆನಾಡಿನವರು ಮುಖ ಸಿಂಡರಿಸಬೇಕಾಗಿಲ್ಲ.

ರೈಲೂ ನಿರ್ದೋಷಿಯಲ್ಲ. ಹಾಸಿಮಾರದ ಆ ಹಳಿಗಳ ಮೇಲೆಯೇ ಎಷ್ಟೋ ಆನೆಗಳು ಸತ್ತಿವೆ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕಾಗಿ ಘಟ್ಟದ ಕಾಡು ಕಡಿಯುವುದನ್ನು ವಿರೋಧಿಸಿದವರು ಆ ನಿಲುವನ್ನು ಬಿಡಬೇಕಾಗಿಲ್ಲ. ಇಲ್ಲಿ ಕೇಳುತ್ತಿರುವುದು ಇರುವ ಹಳಿಯ ಬಳಕೆಯನ್ನು ಮಾತ್ರ.

ಸರ್ಕಾರಗಳ ನಡೆ ಇದಕ್ಕೆ ತದ್ವಿರುದ್ಧ. 1976ರಲ್ಲಿ ಆರಂಭವಾದ ಸಂಝೌತಾ ಎಕ್ಸ್‌ಪ್ರೆಸ್ 2019ರ ಆಗಸ್ಟಿನಲ್ಲಿ ನಿಂತಿತು. ಕೋಲ್ಕತ್ತ–ಢಾಕಾ ನಡುವೆ 2008ರಲ್ಲಿ ಹೊರಟ ಮೈತ್ರೀ ಎಕ್ಸ್‌ಪ್ರೆಸ್ 2024ರ ಜುಲೈನಲ್ಲಿ ನಿಂತಿತು. ಗಡಿಯಲ್ಲಿ ಮುನಿಸಾದಾಗ ಮೊದಲು ಕತ್ತರಿ ಬೀಳುವುದು ಬಡವರ ಗಾಡಿಗೇ. ಇತ್ತ 2016ರ ಉಡಾನ್ ಯೋಜನೆಯಡಿ ವಿಮಾನ ಸಂಸ್ಥೆಗಳ ನಷ್ಟ ತುಂಬಿಕೊಡಲು ಮಾತ್ರ ಹಣಕ್ಕೆ ಬರವಿಲ್ಲ.

ಶ್ರೀಲಂಕೆಯ ಕಥೆಯನ್ನು ಹಿರಿಯರು ಬಲ್ಲರು. 1914ರಿಂದ ಮದರಾಸಿನಲ್ಲಿ ರೈಲು ಹತ್ತಿ ಧನುಷ್ಕೋಟಿಯಲ್ಲಿ ಹಡಗು ಸೇರಿ, ತಲೈಮನ್ನಾರಿನಲ್ಲಿ ಮತ್ತೆ ರೈಲು ಹಿಡಿದು ಜನ ಕೊಲಂಬೊ ತಲುಪುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ನುಂಗಿತು. ಪಾಂಬನ್‌ನಲ್ಲಿ 2025ರ ಏಪ್ರಿಲಿನಲ್ಲಿ ಹೊಸ ಸೇತುವೆ ಉದ್ಘಾಟನೆಯಾಯಿತು. ಧನುಷ್ಕೋಟಿಗೆ ಮಾತ್ರ ಇನ್ನೂ ರೈಲಿಲ್ಲ. ಆದರೂ ಒಂದು ದಾರಿ ತೆರೆದಿದೆ: 2023ರ ಅಕ್ಟೋಬರಿನಲ್ಲಿ ನಾಗಪಟ್ಟಿಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಹಡಗು ಹೊರಟಿತು. ನಡುವೆ ನಿಂತು 2024ರಲ್ಲಿ ಮತ್ತೆ ಆರಂಭವಾಯಿತು. ಎರಡೂ ದಡಗಳಲ್ಲಿ ರೈಲು ನಿಲ್ದಾಣವಿದೆ. ಇಲ್ಲಿಗೆ ಪಾಸ್‌ಪೋರ್ಟೂ ಮುಂಚಿತ ಪರವಾನಗಿಯೂ ಬೇಕು. 2025ರ ನವೆಂಬರಿನ ದಿತ್ವಾ ಚಂಡಮಾರುತ ಲಂಕೆಯ ಬೆಟ್ಟಸೀಮೆಯ ಹಳಿಗಳನ್ನು ಕೆಡವಿತಾದ್ದರಿಂದ ಯಾವ ರೈಲು ಓಡುತ್ತಿದೆಯೆಂದು ವಿಚಾರಿಸಿಕೊಂಡೇ ಹೊರಡಬೇಕು.

“ರಜೆ ಇರುವುದು ಒಂದೇ ವಾರ” ಎನ್ನುವವರು ಮೂರು ದೇಶದ ಬದಲು ಒಂದನ್ನು ಆರಿಸಿಕೊಳ್ಳಲಿ. “ರೈಲಿನಲ್ಲಿ ಹೋದರೆ ಬೀಗರು ಏನೆಂದಾರು?” ಎನ್ನುವವರಿಗೆ ಉತ್ತರವಿಲ್ಲ, ಸಾಲದ ಕಂತು ಕಟ್ಟಲು ಬೀಗರು ಬರುವುದಿಲ್ಲ ಎಂದಷ್ಟೇ ಹೇಳಬಹುದು.

ರೈಲಿನ ಮುಂಗಡ ಟಿಕೆಟ್ 2024ರ ನವೆಂಬರಿನಿಂದ 60 ದಿನ ಮೊದಲಷ್ಟೇ ಸಿಗುತ್ತದೆ. ಬೇಸಿಗೆಯ ಲಗ್ನಗಳ ಕಾಲದಲ್ಲಿ ಬಿಹಾರದ ಗಾಡಿಗಳು ಬೇಗ ತುಂಬುತ್ತವೆ. ಹಿಂಗಾರು ಮಳೆಯ ತಿಂಗಳುಗಳಲ್ಲಿ ನಾಗಪಟ್ಟಿಣದ ಹಡಗು ನಿಲ್ಲುವುದುಂಟು. ಆಷಾಢಕ್ಕೆ ಮಗಳನ್ನು ತವರಿಗೆ ಕರೆಸಿಕೊಳ್ಳುವ ಮನೆಗಳಂತೂ ವೈಶಾಖದಲ್ಲಿ ಧಾರೆಯಾದ ಕೂಡಲೇ ಜೋಡಿಯನ್ನು ರೈಲು ಹತ್ತಿಸಿದರೆ ಅನುಕೂಲ.