ಪಾರ್ಶ್ವವಾಯುವಿನ ಗೃಹಚಿಕಿತ್ಸೆಗೆ ಎಂತಹ ಯಂತ್ರ ಬೇಕು?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ವೈದ್ಯರೂ ಯಂತ್ರಶಾಸ್ತ್ರ ಬಲ್ಲವರೂ ಆಗಿರುವರು; ಅವರಿಗಿಂತ ಎಷ್ಟೋ ಹೆಚ್ಚು ಮಂದಿ ಮನೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿದವರು. ಈ ಎರಡು ಪಂಗಡದವರೂ ಒಬ್ಬರ ಮಾತನ್ನೊಬ್ಬರು ಕೇಳಬೇಕೆಂಬ ಅಪೇಕ್ಷೆಯಿಂದ ಇದನ್ನು ಬರೆಯುತ್ತೇನೆ.

ನನ್ನ ಅತ್ತೆಯವರಿಗೆ ಪಾರ್ಶ್ವವಾಯು ತಗಲಿ ಎಡಗೈ ಎಡಗಾಲುಗಳು ಸ್ವಾಧೀನ ತಪ್ಪಿದವು. ವೈದ್ಯಶಾಲೆಯಿಂದ ಹೊರಡುವಾಗ ನಮಗೆ ಒಂದು ರಬ್ಬರು ಚೆಂಡೂ, ವ್ಯಾಯಾಮದ ಚಿತ್ರಗಳುಳ್ಳ ಒಂದು ಇಂಗ್ಲಿಷ್ ಹಾಳೆಯೂ ದೊರೆತವು. ಹಾಳೆಯನ್ನು ಕಪಾಟಿನ ಬಾಗಿಲಿಗೆ ಅಂಟಿಸಿದೆವು. ಎರಡು ವಾರ ಕಳೆಯುವದರೊಳಗೆ ಚೆಂಡು ಮೊಮ್ಮಗನ ಪಾಲಾಯಿತು. ಅತ್ತೆಯವರು ಸೋಮಾರಿಗಳಲ್ಲ, ನಾವೂ ನಿರ್ದಯರಲ್ಲ. ಆದರೆ ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳುವವರು ಯಾರೂ ಇರಲಿಲ್ಲ.

ಮಿದುಳಿನ ಒಂದು ಭಾಗ ಕೆಟ್ಟರೆ ಉಳಿದ ಭಾಗಗಳು ಆ ಕೆಲಸವನ್ನು ಕೆಲಮಟ್ಟಿಗೆ ಕಲಿತುಕೊಳ್ಳಬಲ್ಲವು. ಆ ಕಲಿಕೆಯು ಮೇಲಿಂದ ಮೇಲೆ ಮಾಡುವ ಅಭ್ಯಾಸದಿಂದಲ್ಲದೆ ಬಾರದು. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಚಲನೆಗಳನ್ನು ಮಾಡಿಸುತ್ತಾರೆ. ಮನುಷ್ಯರ ಚಿಕಿತ್ಸೆಯಲ್ಲಾದರೋ, ಒಂದು ಸಲಕ್ಕೆ ಕೈಯ ಉಪಯುಕ್ತ ಚಲನೆಗಳು ಸರಾಸರಿ 32 ಮಾತ್ರವೆಂದು 2009ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಿಂದ ತಿಳಿದುಬಂತು. ಉಳಿದದ್ದು ಮನೆಯಲ್ಲಿಯೇ ಆಗತಕ್ಕದ್ದು.

ಹಾಗಾದರೆ ಮನೆಯವರಿಗೆ ಕಲಿಸಿಬಿಟ್ಟರೆ ಸಾಲದೇ ಎಂದು ಕೇಳುವವರುಂಟು. ಇದನ್ನು ನಮ್ಮ ದೇಶದಲ್ಲಿಯೇ 14 ಆಸ್ಪತ್ರೆಗಳ 1250 ರೋಗಿಗಳಲ್ಲಿ ಪರೀಕ್ಷಿಸಿ, ಫಲವನ್ನು 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆರು ತಿಂಗಳ ತರುವಾಯ ಮೃತರಾದವರು ಅಥವಾ ಪರಾಧೀನರಾಗಿ ಉಳಿದವರು ಎರಡು ಗುಂಪುಗಳಲ್ಲಿಯೂ ನೂರಕ್ಕೆ 47 ಮಂದಿ. ಮನೆಯವರಿಗೆ ತರಬೇತಿ ಕೊಟ್ಟುದರಿಂದ ಭೇದವೇನೂ ಕಾಣಲಿಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲಿ 124 ರೋಗಿಗಳು 36 ಸಲ ಕೈಯ ಅಭ್ಯಾಸ ಮಾಡಿದರು. ಅವರಲ್ಲಿ ಒಂದು ಗುಂಪಿನವರು ಮನೆಯಲ್ಲಿಯೇ ಕುಳಿತು, ಅರ್ಧದಷ್ಟು ಸಲ ಚಿಕಿತ್ಸಕರು ಪರದೆಯ ಮೇಲೆ ನೋಡುತ್ತಿರುವಂತೆ ಅಭ್ಯಾಸ ಮಾಡಿ, ಚಿಕಿತ್ಸಾಲಯಕ್ಕೆ ಹೋದವರಷ್ಟೇ ಗುಣ ಹೊಂದಿದರು. ದೇಶ ಬೇರೆ, ರೋಗಿಗಳು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ಬಲ್ಲೆನು. ಆದಾಗ್ಯೂ ಬಲ್ಲವರ ಕಣ್ಣನ್ನು ಮನೆಯೊಳಕ್ಕೆ ತರುವದೇ ಯಂತ್ರದ ಮುಖ್ಯ ಕೆಲಸವೆಂದು ನನ್ನ ಅಭಿಪ್ರಾಯ. ಸೊಸೆಯ ತಲೆಯ ಮೇಲೆ ಇನ್ನೊಂದು ಹೊರೆ ಇಡುವ ಯಂತ್ರ ನಮಗೆ ಬೇಡ.

ಬರೇ ಎಣಿಸುವ ಯಂತ್ರವು ಮೋಸಹೋಗುವದು. ಲೋಟವನ್ನು ಮುಟ್ಟಲು ಮೊಣಕೈಯನ್ನು ನೀಡಲಾರದ ರೋಗಿಯು ಮೈಯನ್ನೇ ಮುಂದಕ್ಕೆ ಬಾಗಿಸುತ್ತಾನೆ. ಯಂತ್ರವು "ಭಲೇ" ಎನ್ನುತ್ತದೆ, ಕೈ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಅದು ಬೆನ್ನನ್ನೂ ಗಮನಿಸಬೇಕು. ಎಡಪಾರ್ಶ್ವ ಬಿದ್ದವರಲ್ಲಿ ಕೆಲವರಿಗೆ ಎಡಗಡೆ ಇರುವ ವಸ್ತುವಿನ ಕಡೆಗೆ ಲಕ್ಷ್ಯವೇ ಹೋಗದು. ಅಂಥವರಿಗೆ ಪರದೆಯ ಎಡ ಮೂಲೆಯಲ್ಲಿ ಗುಂಡಿಯನ್ನಿಟ್ಟರೆ ಅದು ಇಲ್ಲದ್ದಕ್ಕೆ ಸಮಾನ. ಮಾತು ಬಿದ್ದುಹೋದವರಿಗೆ ಅನೇಕ ವೇಳೆ ಓದೂ ಕಷ್ಟವಾಗುವದರಿಂದ ಚಿತ್ರಗಳು ಅವಶ್ಯ. ಎಲ್ಲವೂ ಒಂದೇ ಕೈಯಿಂದ ನಡೆಯಬೇಕು, ಕನ್ನಡದಲ್ಲಿ ಮಾತಾಡಬೇಕು, ವಿದ್ಯುತ್ತು ಹೋದಾಗ ಲೆಕ್ಕವನ್ನು ಮರೆಯಬಾರದು. (ನಮ್ಮ ಬೀದಿಯಲ್ಲಿ ಈ ಕಡೆಯ ಗುಣವೇ ಮೊದಲನೆಯದು!)

ಆಟಗಳ ವಿಷಯದಲ್ಲಿ ನನಗೆ ಸ್ವಲ್ಪ ಸಂಶಯವುಂಟು. ಪರದೆಯ ಮೇಲೆ ಬಲೂನು ಒಡೆಯುವದು ಕೆಲವರಿಗೆ ಹಿತವಾದೀತು; ನನ್ನ ಅತ್ತೆಯವರಿಗೆ ಅದು ಅಪಮಾನವೆನಿಸುತ್ತಿತ್ತು. ಅವರ ಎಡಗೈ ಮೊದಲು ಕೆಲಸಕ್ಕೆ ಬಂದದ್ದು ಅವರೆಕಾಯಿ ಸುಲಿಯುವಾಗ ಮೊರವನ್ನು ಒತ್ತಿ ಹಿಡಿಯುವದರಲ್ಲಿ. ಮೊರವನ್ನೂ ಲೋಟವನ್ನೂ ಬಾಗಿಲ ಚಿಲಕವನ್ನೂ ಸಾಧನವಾಗಿ ಮಾಡಿಕೊಳ್ಳುವ ಯಂತ್ರವನ್ನು ಯಾರಾದರೂ ರಚಿಸಬಾರದೇ?

ಅದಕ್ಕೆ ಮುಂದಾಗುವ ನಮ್ಮ ಸೋದರಿಯರು ನಕ್ಷೆ ಬರೆಯುವದಕ್ಕೆ ಮುಂಚೆ ಇಂಥ ಒಂದು ಮನೆಯಲ್ಲಿ ಬೆಳಿಗ್ಗೆ ಆರು ಗಂಟೆಯಿಂದ ರಾತ್ರಿಯ ತನಕ ಕುಳಿತು ನೋಡಲಿ. ಊಟಕ್ಕೆ ನಾವು ಬಡಿಸುವೆವು.