ಗುಂಪಿನ ಹೆಸರು ಅಳಿಸಿ



ಎಸ್‌ಎಸ್‌ಎಲ್‌ಸಿ ಫಲಿತಾಂಶ ಹೆಚ್ಚಿಸಬೇಕೆಂದು ನನ್ನ ಮಗನ ಶಾಲೆಯಲ್ಲಿ ಮಕ್ಕಳನ್ನು ಎ, ಬಿ, ಸಿ ಗುಂಪುಗಳಾಗಿ ವಿಂಗಡಿಸಿ, ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. ಅವನು ‘ಸಿ’ ಗುಂಪು. ಕೈಗೆ ಕೊಟ್ಟಿರುವುದು ಪಾಸಾಗಲು ಸಾಕಾಗುವಷ್ಟೇ ಪ್ರಶ್ನೆಗಳಿರುವ ‘ಪಾಸಿಂಗ್ ಪ್ಯಾಕೇಜ್’ ಮಾತ್ರ. ‘ನಾಲ್ಕು ಅಂಕದ ಲೆಕ್ಕ ನಮಗಲ್ಲಮ್ಮ, ಎ ಗುಂಪಿನವರಿಗೆ’ ಎಂದು ಮೊನ್ನೆ ಹೇಳಿದ. ಎಂಟನೇ ತರಗತಿಯಲ್ಲಿ ಇದೇ ಹುಡುಗ ಲೆಕ್ಕ ಬಿಡಿಸುವ ತನಕ ಊಟಕ್ಕೆ ಏಳುತ್ತಿರಲಿಲ್ಲ.

‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯೇ ಪ್ರಯತ್ನಕ್ಕೆ ಬೇರು ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದಾರೆ. 1998ರಲ್ಲಿ ಪ್ರಕಟವಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅವರ ಪ್ರಯೋಗಗಳಲ್ಲಿ, ‘ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಸೋತ ಮೇಲೆ ಹಿಂದೆ ಬಿದ್ದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಮುಂದುವರಿದರು. ಅಂದರೆ ಹಣೆಪಟ್ಟಿಯಿಂದ ‘ಎ’ ಗುಂಪಿನವರಿಗೂ ಒಳಿತಿಲ್ಲ.

ಹಿಂದುಳಿದವರಿಗೆ ವಿಶೇಷ ತರಗತಿ ಬೇಡವೆನ್ನುತ್ತಿಲ್ಲ, ಖಂಡಿತ ಬೇಕು. ಸಂಜೆ ಉಳಿದು ಪಾಠ ಮಾಡುವ ಶಿಕ್ಷಕರ ಬಗ್ಗೆ ನನಗೆ ಗೌರವವಿದೆ. ಆದರೆ ಹದಿನೈದರ ವಯಸ್ಸಿನಲ್ಲಿ ಗೆಳೆಯರ ಮುಂದೆ ಆಗುವ ಅವಮಾನ ದೊಡ್ಡದು. ದಯವಿಟ್ಟು ಆ ಪಟ್ಟಿಯನ್ನು ಬೋರ್ಡಿನಿಂದ ತೆಗೆಯಿರಿ. ಲೆಕ್ಕ ಯಾವ ಹಂತದಲ್ಲಿ ತಪ್ಪಿತು ಎಂಬುದನ್ನು ಮಗುವಿನ ಪಕ್ಕ ಕೂತು ತೋರಿಸಿ.

– ಒಬ್ಬ ತಾಯಿ, ಹಾವೇರಿ